ಕೆನ್ನೆಯೊಳಗಿನ ಬಿಳಿ ಮಚ್ಚೆ: ಮೊದಲ ದಿನದಿಂದ ಐದನೇ ವರ್ಷದವರೆಗೆ

ನಮ್ಮ ಹತ್ತಿರ ಬರುವ ಬಿಳಿ ಮಚ್ಚೆಗಳಲ್ಲಿ ಹೆಚ್ಚಿನವು ಹಲ್ಲುನೋವಿನ ಜೊತೆಗೇ ಬರುತ್ತವೆ. ಮಚ್ಚೆಗೆ ನೋವಿಲ್ಲ, ಉರಿಯಿಲ್ಲ, ಕೆನ್ನೆಯ ಹಿಂಭಾಗದಲ್ಲಿದ್ದರೆ ಕನ್ನಡಿಯಲ್ಲೂ ಕಾಣುವುದಿಲ್ಲ. ಅದಕ್ಕೆಂದೇ ಯಾರೂ ರಜೆ ಹಾಕಿ ಬರುವುದಿಲ್ಲ. ಪೀಣ್ಯದ ಕಾರ್ಖಾನೆಯವರೋ, ಮಾರ್ಕೆಟ್‌ನಲ್ಲಿ ಮೂಟೆ ಹೊರುವವರೋ, ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೋ ದವಡೆಹಲ್ಲು ತೋರಿಸಲು ಬಾಯಿ ತೆರೆದಾಗ ಪಕ್ಕದ ಕೆನ್ನೆ ನಮ್ಮ ಕಣ್ಣಿಗೆ ಬೀಳುತ್ತದೆ. ಬೆಂಗಳೂರಿನ ಡೆಂಟಲ್ ಕಾಲೇಜಿನ ಓಪಿಡಿಯಲ್ಲಿ ಅಲ್ಲಿಂದ ಮುಂದೆ ಏನೇನು ನಡೆಯುತ್ತದೆ, ಎಲ್ಲೆಲ್ಲಿ ಕೈತಪ್ಪುತ್ತದೆ ಎಂಬುದನ್ನು ಹಂತಹಂತವಾಗಿ ಬರೆಯುತ್ತಿದ್ದೇವೆ.

ಮೊದಲು ಹೆಸರಿನ ವಿಚಾರ. 1978ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವನ್ನು ‘ಕ್ಯಾನ್ಸರ್‌ಪೂರ್ವ ಗಾಯ’, ‘ಕ್ಯಾನ್ಸರ್‌ಪೂರ್ವ ಸ್ಥಿತಿ’ ಎಂದು ಎರಡಾಗಿ ಹಂಚಿತ್ತು. 2005ರಲ್ಲಿ ಲಂಡನ್ನಿನಲ್ಲಿ ಸೇರಿದ ತಜ್ಞರು ಆ ಗೆರೆಯನ್ನು ಅಳಿಸಿ, ಕ್ಯಾನ್ಸರ್ ಆಗುವ ಸಾಧ್ಯತೆ ಇರುವ ತೊಂದರೆಗಳು ಎಂಬ ಒಂದೇ ಹೆಸರಿನಡಿ ತಂದರು. ಇವೆಲ್ಲ ಕ್ಯಾನ್ಸರ್ ಆಗಿಯೇ ತೀರುತ್ತವೆ ಎಂದಿಲ್ಲ; ಲ್ಯೂಕೋಪ್ಲೇಕಿಯಾ ಎನ್ನುವ ಬಿಳಿ ಮಚ್ಚೆಯಲ್ಲಿ, ಹಲವು ಅಧ್ಯಯನಗಳನ್ನು ಕೂಡಿಸಿ ನೋಡಿದರೆ, ನೂರರಲ್ಲಿ ಸುಮಾರು ಹತ್ತು ಹಾಗಾಗುತ್ತವೆ. ಹೆಸರು ಬದಲಾಗಲು ಇದೊಂದು ಕಾರಣ. ಎರಡನೆಯ ಕಾರಣ ನಮಗೆ ಇನ್ನೂ ಮುಖ್ಯ. ಬಲಗೆನ್ನೆಯಲ್ಲಿ ಮಚ್ಚೆ ಇದ್ದವರಿಗೆ ಕ್ಯಾನ್ಸರ್ ನಾಲಿಗೆಯ ಎಡ ಅಂಚಿನಲ್ಲಿ ಬರಬಹುದು. ಹತ್ತು ವರ್ಷ ಹೊಗೆಸೊಪ್ಪಿನ ರಸದಲ್ಲಿ ನೆಂದದ್ದು ಇಡೀ ಬಾಯಿ. ಮಚ್ಚೆ ಅದರಲ್ಲಿ ಕಣ್ಣಿಗೆ ಬಿದ್ದ ಒಂದು ಜಾಗ, ಅಷ್ಟೆ. ಈ ಮಾತು ತಲೆಯಲ್ಲಿದ್ದರೆ ಮುಂದಿನದೆಲ್ಲ ಸರಿಯಾಗಿ ನಡೆಯುತ್ತದೆ.

ನೋಡುವುದಕ್ಕೆ ಐದು ನಿಮಿಷ ಸಾಕು, ಆದರೆ ಕ್ರಮ ತಪ್ಪಬಾರದು. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆಸಬೇಕು. ತುಟಿ, ಬಾಯಿಯ ಮೂಲೆ, ಎರಡೂ ಕೆನ್ನೆ, ಒಸಡಿನ ಹೊರಬದಿ, ಒಳಬದಿ, ಅಂಗುಳ. ಆಮೇಲೆ ನಾಲಿಗೆಯ ತುದಿಯನ್ನು ಗಾಜ್ ಬಟ್ಟೆಯಲ್ಲಿ ಹಿಡಿದು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಎಳೆದು ಹಿಂದಿನ ಅಂಚು ನೋಡಬೇಕು. ತಪ್ಪಿಹೋಗುವುದು ಬಹುಪಾಲು ಇಲ್ಲೇ. ‘ನಾಲಿಗೆ ಚಾಚಿ’ ಎಂದರೆ ಕಾಣುವುದು ಮೇಲ್ಭಾಗ; ಅಪಾಯದ ಜಾಗ ಪಕ್ಕದ್ದು, ಅಡಿಯದು. ನಾಲಿಗೆಯ ಕೆಳಗಿನ ನೆಲವನ್ನು ಒಳಗೊಂದು, ಗದ್ದದ ಕೆಳಗೊಂದು ಬೆರಳಿಟ್ಟು ಒತ್ತಿ ನೋಡಬೇಕು. ಕೊನೆಗೆ ಕುತ್ತಿಗೆಯ ಗಂಟುಗಳು.

ಮಚ್ಚೆ ಸಿಕ್ಕಿದ ಮೇಲೆ ಮೂರು ಕೆಲಸ. ಗಾಜ್‌ನಿಂದ ಒರೆಸುವುದು: ಎದ್ದು ಬಂದರೆ ಹೆಚ್ಚಾಗಿ ಫಂಗಸ್. ಕೆನ್ನೆಯನ್ನು ಎರಡು ಬೆರಳಲ್ಲಿ ಎಳೆದು ಹಿಡಿಯುವುದು: ಬಿಳುಪು ಮಾಯವಾದರೆ ಅದು ಲ್ಯೂಕೋಎಡಿಮಾ ಎಂಬ ನಿರಪಾಯದ ಬಿಳುಪು, ಬಿಟ್ಟುಬಿಡಬಹುದು. ಮೂರನೆಯದು ಗ್ಲೌಸ್ ಹಾಕಿದ ಬೆರಳಿನಿಂದ ಮುಟ್ಟುವುದು. ಸಾಧಾರಣ ಮಚ್ಚೆ ಒಣಗಿದ ಕೆಸರಿನ ಹಾಗೆ ಒರಟಾಗಿರುತ್ತದೆ, ಅದರ ಅಡಿ ಮೆತ್ತಗಿರುತ್ತದೆ. ಅಡಿಯಲ್ಲಿ ಹಲಗೆಯ ಚೂರು ಸಿಕ್ಕಿಸಿದಂತೆ ಗಟ್ಟಿ ಸಿಕ್ಕರೆ ಅಲ್ಲಿಗೆ ಕಾಯುವ ಮಾತು ಮುಗಿಯಿತು.

ಚಟದ ಬಗ್ಗೆ ಕೇಳುವ ರೀತಿಯಲ್ಲೇ ಅರ್ಧ ರೋಗನಿರ್ಣಯ ಇದೆ. ‘ಗುಟ್ಕಾ ಹಾಕ್ತೀರಾ?’ ಎಂದರೆ ‘ಇಲ್ಲ ಸರ್’ ಎಂಬ ಉತ್ತರ ಬರುತ್ತದೆ, ಅದು ಸುಳ್ಳೂ ಅಲ್ಲ. 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಬಂದವು, ಬೆರೆಸುವುದು ಅಂಗೈಯಲ್ಲಿ. ‘ದಿನಾ ಬಾಯಿಗೆ ಏನೇನು ಹಾಕ್ಕೋತೀರ, ಬೆಳಗ್ಗೆಯಿಂದ ಹೇಳಿ’ ಎಂದರೆ ಎಲ್ಲ ಹೊರಬರುತ್ತದೆ: ಎಲೆ ಅಡಿಕೆ, ಸುಣ್ಣ, ಕಡ್ಡಿಪುಡಿ, ಹೊಗೆಸೊಪ್ಪು, ಒಸಡಿಗೆ ತಿಕ್ಕುವ ನಶ್ಯ. ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಯಾವ ಕಡೆ ಇಟ್ಟುಕೊಳ್ಳುತ್ತಾರೆ, ಎಷ್ಟು ಹೊತ್ತು, ರಾತ್ರಿ ಇಟ್ಟುಕೊಂಡೇ ಮಲಗುತ್ತಾರೆಯೇ ಎಲ್ಲವನ್ನೂ ಬರೆದುಕೊಳ್ಳಬೇಕು. ಹೆಂಗಸರನ್ನು ಮನೆಯವರ ಎದುರು ಕೇಳಬಾರದು. ಯಾವ ಚಟವೂ ಇಲ್ಲದೆ ನಾಲಿಗೆಯ ಅಂಚಿನಲ್ಲಿ ಬಿಳಿ ಮಚ್ಚೆ ಇದ್ದರೆ ನಿಟ್ಟುಸಿರು ಬಿಡುವಂತಿಲ್ಲ. ಕಾರಣ ಕಾಣದ ಮಚ್ಚೆ ಕಾರಣವಿರುವ ಮಚ್ಚೆಗಿಂತ ಹೆಚ್ಚು ಅಪಾಯದ್ದು.

ಲ್ಯೂಕೋಪ್ಲೇಕಿಯಾ ಎಂಬುದು ಉಳಿದದ್ದೆಲ್ಲವನ್ನು ತೆಗೆದುಹಾಕಿದ ಮೇಲೆ ಉಳಿಯುವ ಹೆಸರು. ಮುರಿದ ಹಲ್ಲಿನ ಚೂಪು ಕೆನ್ನೆಗೆ ಉಜ್ಜುತ್ತಿದ್ದರೆ ಆ ದಿನವೇ ತಿಕ್ಕಿ ನುಣುಪು ಮಾಡುತ್ತೇವೆ. ಹಲ್ಲುನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿನ ಪಕ್ಕ ಇಟ್ಟುಕೊಂಡವರಿಗೆ, ಲವಂಗದ ಎಣ್ಣೆ ಸುರಿದುಕೊಂಡವರಿಗೆ ಅಲ್ಲೇ ಸುಟ್ಟು ಬೆಳ್ಳಗಾಗಿರುತ್ತದೆ. ಬಾಯಿಯ ಮೂಲೆಯ ಮಚ್ಚೆಯಲ್ಲಿ ಫಂಗಸ್ ಸೇರಿಕೊಂಡಿರುವುದು ಸಾಮಾನ್ಯ. ಅದಕ್ಕೆ ಕ್ಲೋಟ್ರಿಮಜೋಲ್ 1% ಬಾಯಿಗೆ ಹಚ್ಚುವ ದ್ರವ ಕೊಡುತ್ತೇವೆ. ಫಂಗಸ್ ಇರುವಾಗಲೇ ಬಯಾಪ್ಸಿ (ಸಣ್ಣ ತುಂಡು ಕೊಯ್ದು ಲ್ಯಾಬ್‌ನಲ್ಲಿ ನೋಡುವ ಪರೀಕ್ಷೆ) ಮಾಡಿದರೆ ಊತದಿಂದ ಕೋಶಗಳು ಕೆಟ್ಟಂತೆ ಕಂಡು ವರದಿ ಗೊಂದಲವಾಗುತ್ತದೆ. ತಂಬಾಕು ಇಟ್ಟುಕೊಳ್ಳುವ ಜಾಗದಲ್ಲಿ ಸುಕ್ಕುಗಟ್ಟಿದ ಬಿಳುಪು ಇದ್ದರೆ ಬಿಟ್ಟ ಕೆಲವೇ ವಾರಗಳಲ್ಲಿ ತೆಳುವಾಗತೊಡಗುತ್ತದೆ. ಇದಕ್ಕೆಲ್ಲ ಎರಡು ವಾರದ ಗಡುವು. ಆ ದಿನವೇ ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯುತ್ತೇವೆ, ಬಾಯಿಯ ನಕ್ಷೆಯ ಮೇಲೆ ಗುರುತು ಮಾಡುತ್ತೇವೆ. ಸ್ಕೇಲ್ ಇಲ್ಲದ ಫೋಟೊ ಮುಂದೆ ಯಾವ ಕೆಲಸಕ್ಕೂ ಬರುವುದಿಲ್ಲ.

ಕೆಂಪು ಮಚ್ಚೆಗೆ ಈ ಎರಡು ವಾರ ಇಲ್ಲ. ಎರಿತ್ರೋಪ್ಲೇಕಿಯಾ ಅಪರೂಪ, ಆದರೆ ಮಖಮಲ್ಲಿನಂಥ ಕೆಂಪು ಜಾಗವನ್ನು ಕೊಯ್ದು ನೋಡಿದಾಗ ಬಹುಪಾಲಿನಲ್ಲಿ ತೀವ್ರ ಡಿಸ್ಪ್ಲೇಸಿಯಾವೋ (ಕೋಶಗಳು ಕ್ಯಾನ್ಸರಿನ ದಿಕ್ಕಿಗೆ ಕೆಟ್ಟಿರುವ ಸ್ಥಿತಿ) ಕ್ಯಾನ್ಸರೋ ಆಗಲೇ ಇರುತ್ತದೆ. ಬಿಳಿಯ ನಡುವೆ ಕೆಂಪು ಚುಕ್ಕೆ, ಗುಳ್ಳೆಗಟ್ಟಿದ ಮೇಲ್ಮೈ, ವಾಸಿಯಾಗದ ಹುಣ್ಣು, ಗಟ್ಟಿ ಅಡಿ: ಇವುಗಳಲ್ಲಿ ಒಂದಿದ್ದರೂ ತಡಮಾಡದೆ ಬಯಾಪ್ಸಿ. ಬಾಯಿಹುಣ್ಣೆಂದು ಬಿ ಕಾಂಪ್ಲೆಕ್ಸ್ ನುಂಗುತ್ತ ಮೂರು ತಿಂಗಳು ಕಳೆದವರನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಎರಡು ವಾರದಲ್ಲಿ ಮಾಯದ ಹುಣ್ಣನ್ನು ತೋರಿಸಲೇಬೇಕು.

ಬಯಾಪ್ಸಿ ಎಂದ ಕೂಡಲೇ ಬರುವ ಮಾತು ಒಂದೇ. ‘ಡಾಕ್ಟ್ರೇ, ಚಾಕು ತಾಗಿಸಿದ್ರೆ ಹರಡುತ್ತಂತಲ್ಲ?’ ಇದನ್ನು ಗದರಿ ತಳ್ಳಿಹಾಕಿದರೆ ಅವರು ಮತ್ತೆ ಬರುವುದಿಲ್ಲ. ಹರಡುವುದಿಲ್ಲ, ಕೊಯ್ದ ಮೇಲೆ ಕ್ಯಾನ್ಸರ್ ಎಂದು ತಿಳಿದವರಿಗೆ ಅದು ಮೊದಲೇ ಇತ್ತು. ‘ಅಮ್ಮಾ, ಅನ್ನ ಬೆಂದಿದೆಯಾ ಅಂತ ಒಂದು ಅಗುಳು ಹಿಸುಕಿ ನೋಡ್ತೀರಲ್ಲ, ಇದೂ ಹಾಗೆಯೇ’ ಎಂದರೆ ಬಹಳ ಮಂದಿಗೆ ತಟ್ಟನೆ ಅರ್ಥವಾಗುತ್ತದೆ. ಒಂದು ವ್ಯತ್ಯಾಸ ಮಾತ್ರ ನಾವು ಮರೆಯಬಾರದು. ಅನ್ನದಲ್ಲಿ ಯಾವ ಅಗುಳಾದರೂ ನಡೆಯುತ್ತದೆ, ಮಚ್ಚೆಯಲ್ಲಿ ನಡೆಯುವುದಿಲ್ಲ.

ಯಾವ ಜಾಗದಿಂದ ತೆಗೆಯಬೇಕು ಎಂಬುದರ ಮೇಲೆಯೇ ಎಲ್ಲ ನಿಂತಿದೆ. ದಪ್ಪ ಬಿಳಿ ಭಾಗವನ್ನು ಕೊಯ್ಯುವುದು ಸುಲಭ, ಅಲ್ಲಿ ಸಿಗುವುದು ಬರೀ ಕೆರಾಟಿನ್, ಮೇಲ್ಮೈಯ ಗಡಸು ಪದರ. ಕೆಂಪಿರುವಲ್ಲಿ, ಗುಳ್ಳೆ ಎದ್ದಲ್ಲಿ, ಗಟ್ಟಿ ಇರುವಲ್ಲಿ ತೆಗೆಯಬೇಕು. ಹುಣ್ಣಿದ್ದರೆ ಅದರ ಅಂಚಿನಲ್ಲಿ, ಕೊಳೆತ ನಡುವಿನಲ್ಲಿ ಅಲ್ಲ. ಮಚ್ಚೆ ದೊಡ್ಡದಿದ್ದರೆ ಎರಡು ಮೂರು ಕಡೆ. ಜಾಗ ಆರಿಸಲು ಟೊಲುಯಿಡಿನ್ ಬ್ಲೂ ಎಂಬ ನೀಲಿ ಬಣ್ಣ ನೆರವಾಗುತ್ತದೆ: ನೀರಿನಲ್ಲಿ ಬಾಯಿ ಮುಕ್ಕಳಿಸಿ, 1% ಅಸಿಟಿಕ್ ಆಮ್ಲದಿಂದ 20 ಸೆಕೆಂಡ್ ತೊಳೆದು, 1% ಬಣ್ಣವನ್ನು ಹತ್ತಿಯಿಂದ ಹಚ್ಚಿ, ಮತ್ತೆ ಆಮ್ಲ, ಮತ್ತೆ ನೀರು. ಕಡುನೀಲಿ ಉಳಿದ ಜಾಗ ಅನುಮಾನದ್ದು. ಆದರೆ ಮಾಮೂಲಿ ಹುಣ್ಣೂ ನೀಲಿಯಾಗುತ್ತದೆ, ದಪ್ಪ ಕೆರಾಟಿನ್ ಅಡಿಯ ಡಿಸ್ಪ್ಲೇಸಿಯಾ ನೀಲಿಯಾಗದೆಯೂ ಇರಬಹುದು. ಎಲ್ಲಿ ಕೊಯ್ಯಬೇಕೆಂದು ಅದು ಹೇಳೀತು. ಕೊಯ್ಯಬೇಕೋ ಬೇಡವೋ ಎಂಬುದನ್ನು ಅದರ ಕೈಗೆ ಕೊಡಬಾರದು.

ಬಯಾಪ್ಸಿಯ ದಿನ ಬಿಪಿ, ಶುಗರ್ ನೋಡುತ್ತೇವೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸಿ ಬರಬಾರದು, ಹೊಲಿಗೆ ಹಾಕಿ ರಕ್ತ ನಿಲ್ಲಿಸಬಹುದು. ಜಾಗ ಮರಗಟ್ಟಿಸಲು ಅಡ್ರಿನಲಿನ್ ಬೆರೆತ 2% ಲಿಗ್ನೊಕೇನನ್ನು ಮಚ್ಚೆಯ ಸುತ್ತ ಕೊಡಬೇಕು, ಮಚ್ಚೆಯೊಳಕ್ಕೆ ಚುಚ್ಚಿದರೆ ದ್ರವ ಕೋಶಗಳ ನಡುವೆ ನುಗ್ಗಿ ಸ್ಲೈಡ್ ಕೆಡುತ್ತದೆ. ಐದು ನಿಮಿಷ ಕಾದು, 15ನೇ ನಂಬರಿನ ಬ್ಲೇಡಿನಿಂದ ದೋಣಿಯಾಕಾರದ ಗೆರೆ: ಉದ್ದ ಒಂದು ಸೆಂಟಿಮೀಟರ್, ಅಗಲ ಅದರ ಮೂರರಲ್ಲೊಂದು, ಆಳ ನಾಲ್ಕೈದು ಮಿಲಿಮೀಟರ್. ಕಡೆಪಕ್ಷ ಅಂಚಿನ ಒಂದಿಷ್ಟು ಒಳ್ಳೆಯ ಚರ್ಮವೂ ಬರಬೇಕು. ತೆಳುವಾಗಿ ಹೆರೆದರೆ ಮೇಲ್ಪದರ ಮಾತ್ರ ಬರುತ್ತದೆ. ಕೆಟ್ಟ ಕೋಶಗಳು ಕೆಳಗಿನ ಪೊರೆ ದಾಟಿವೆಯೇ ಎಂಬ ಒಂದೇ ಒಂದು ಮುಖ್ಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ತುಂಡನ್ನು ಹಲ್ಲಿರುವ ಫೋರ್ಸೆಪ್ಸಿನಿಂದ ಹಿಸುಕುವುದಕ್ಕಿಂತ ಒಂದು ತುದಿಗೆ ದಾರ ಹಾಕಿ ಎತ್ತುವುದು ಲೇಸು. ಮಾದರಿ ತೆಗೆಯಲು ಕಾಟರಿ (ವಿದ್ಯುತ್ತಿನ ಬಿಸಿಯಿಂದ ಕೊಯ್ಯುವ ಸಾಧನ) ಬಳಸಿದರೆ ಅಂಚು ಬೆಂದುಹೋಗುತ್ತದೆ.

ಇನ್ನು ಆ ತುಂಡು. ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡದು. ಹಾಗೇ ಬಾಟಲಿಗೆ ಹಾಕಿದರೆ ಸುರುಳಿ ಸುತ್ತಿಕೊಳ್ಳುತ್ತದೆ, ಲ್ಯಾಬ್‌ನಲ್ಲಿ ಯಾವ ಕಡೆ ಮೇಲು, ಯಾವ ಕಡೆ ಕೆಳಗು ಎಂದು ತಿಳಿಯದೆ ಓರೆಯಾಗಿ ಕೊಯ್ಯುತ್ತಾರೆ, ಓರೆ ಕೊಯ್ತದಲ್ಲಿ ಕ್ಯಾನ್ಸರ್ ಇಲ್ಲದಲ್ಲೂ ಇದ್ದಂತೆ ಕಾಣಬಹುದು. ಹೊಲಿಗೆ ದಾರದ ಪೊಟ್ಟಣದ ಒಳಗಿನ ಕಾಗದವನ್ನು ಕತ್ತರಿಸಿ, ಕೊಯ್ದ ಬದಿ ಕೆಳಗಾಗಿ ಅದರ ಮೇಲೆ ಹರಡಿ, ಒಂದು ನಿಮಿಷ ಬಿಟ್ಟರೆ ಅಂಟಿಕೊಳ್ಳುತ್ತದೆ. ಕಾಗದದ ಸಮೇತ, ಕೋಶಗಳು ಕೊಳೆಯದಂತೆ ಕಾಯುವ 10% ಫಾರ್ಮಲಿನ್‌ಗೆ ಇಳಿಸಬೇಕು. ದ್ರವ ತುಂಡಿನ ಹತ್ತಿಪ್ಪತ್ತು ಪಟ್ಟು ಇರಬೇಕು. ಫಾರ್ಮಲಿನ್ ಮುಗಿದಿದೆಯೆಂದು ಸಲೈನ್‌ನಲ್ಲಿ ಇಟ್ಟು ಮರುದಿನ ಕಳಿಸಿದರೆ ಅಷ್ಟರಲ್ಲಿ ಕೋಶಗಳು ಕೊಳೆತಿರುತ್ತವೆ, ಆ ಮನುಷ್ಯನನ್ನು ಮತ್ತೊಮ್ಮೆ ಕೊಯ್ಯಬೇಕು. ಹೆಸರಿನ ಚೀಟಿ ಬಾಟಲಿಯ ಮೈಮೇಲಿರಬೇಕು, ಮುಚ್ಚಳದ ಮೇಲಲ್ಲ. ಮುಚ್ಚಳಗಳು ಅದಲುಬದಲಾಗುತ್ತವೆ.

ವರದಿಯಲ್ಲಿ ನಾವು ಹುಡುಕುವ ಪದ ಡಿಸ್ಪ್ಲೇಸಿಯಾ: ಇಲ್ಲ, ಸೌಮ್ಯ, ಮಧ್ಯಮ, ತೀವ್ರ. ಈ ಮೆಟ್ಟಿಲುಗಳ ನಡುವಿನ ಗೆರೆ ಗಟ್ಟಿಯಲ್ಲ; ಒಂದೇ ಸ್ಲೈಡನ್ನು ಇಬ್ಬರು ಪೆಥಾಲಜಿಸ್ಟರು ಸೌಮ್ಯ, ಮಧ್ಯಮ ಎಂದು ಬೇರೆಬೇರೆ ಬರೆಯುವುದುಂಟು. ಅದಕ್ಕೇ ಕಡಿಮೆ ಅಪಾಯ, ಹೆಚ್ಚು ಅಪಾಯ ಎಂದು ಎರಡೇ ಪಾಲು ಮಾಡುವ ಕ್ರಮವೂ ಬಂದಿದೆ. ‘ಡಿಸ್ಪ್ಲೇಸಿಯಾ ಇಲ್ಲ’ ಎಂದು ಬಂದರೆ ಆ ತುಂಡಿನಲ್ಲಿ ಇಲ್ಲ ಎಂದರ್ಥ, ಬಾಯಲ್ಲಿ ಇಲ್ಲ ಎಂದಲ್ಲ. ಕಣ್ಣಿಗೆ ಕೆಟ್ಟದಾಗಿ ಕಾಣುವ ಮಚ್ಚೆಗೆ ಒಳ್ಳೆಯ ವರದಿ ಬಂದರೆ ನಾವು ಕಣ್ಣನ್ನೇ ನಂಬಿ ಮತ್ತೆ ಬಯಾಪ್ಸಿ ಮಾಡುತ್ತೇವೆ.

ಸೌಮ್ಯವಾದದ್ದು, ಚಟ ಬಿಟ್ಟರೆ ಕರಗುವ ಲಕ್ಷಣವಿದ್ದರೆ ಬಿಡಿಸಿ ಕಾಯಬಹುದು. ಮಧ್ಯಮ, ತೀವ್ರ ಇದ್ದರೆ, ಅಥವಾ ಜಾಗ ನಾಲಿಗೆಯ ಪಕ್ಕ, ಬಾಯಿಯ ನೆಲವಾಗಿದ್ದರೆ ಪೂರ್ತಿ ತೆಗೆಯುವುದು. ಕತ್ತರಿಸಿ ತೆಗೆದರೆ ಇಡೀ ಮಚ್ಚೆ ಲ್ಯಾಬ್‌ಗೆ ಹೋಗುತ್ತದೆ, ಕೆಲವೊಮ್ಮೆ ಮೊದಲ ಬಯಾಪ್ಸಿಯಲ್ಲಿ ಸಿಗದ ಕ್ಯಾನ್ಸರ್ ಅದರಲ್ಲಿ ಸಿಗುತ್ತದೆ. ಲೇಸರಿನಿಂದ ಆವಿ ಮಾಡಿದರೆ ನೋಡಲು ಏನೂ ಉಳಿಯುವುದಿಲ್ಲ. ಲೇಸರನ್ನು ಕತ್ತರಿಸಲು ಬಳಸುವುದೇ ಸರಿ. ತೆಗೆದ ಮೇಲೂ ಮರುಕಳಿಸಬಹುದು.

ಮಾತ್ರೆಗಳ ಬಗ್ಗೆ ಸ್ಪಷ್ಟವಾಗಿ ಹೇಳಬೇಕು. ಲೈಕೋಪೀನ್, ಬೀಟಾ ಕ್ಯಾರೋಟಿನ್ ಕ್ಯಾಪ್ಸೂಲ್ ಬರೆಯುವುದು ವಾಡಿಕೆ. 1997ರಲ್ಲಿ ಪ್ರಕಟವಾದ ಕೇರಳದ ಪ್ರಯೋಗದಲ್ಲಿ ವಿಟಮಿನ್ ಎ ತೆಗೆದುಕೊಂಡವರಲ್ಲಿ 52% ಮಂದಿಗೆ ಮಚ್ಚೆ ಪೂರ್ತಿ ಮಾಯವಾಯಿತು, ಬರೀ ಹುಸಿಮಾತ್ರೆ ತೆಗೆದುಕೊಂಡವರಲ್ಲಿ 10%. ನಿಲ್ಲಿಸಿದ ಮೇಲೆ ಮಾಯವಾದವರಲ್ಲಿ ಮೂರರಲ್ಲಿ ಎರಡು ಪಾಲು ಜನರಿಗೆ ಮತ್ತೆ ಬಂತು. ಮಾತ್ರೆ ಕ್ಯಾನ್ಸರನ್ನು ತಡೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಕ್ಯಾಪ್ಸೂಲ್ ನುಂಗುತ್ತಿದ್ದೇನಲ್ಲ ಎಂಬ ಧೈರ್ಯದಲ್ಲಿ ತಂಬಾಕು ಮುಂದುವರಿಸುವುದೇ ಅದರ ದೊಡ್ಡ ಅಡ್ಡಪರಿಣಾಮ.

ಬಾಯಿ ಬಿಗಿಯುವ ರೋಗ, ಸಬ್‌ಮ್ಯೂಕಸ್ ಫೈಬ್ರೋಸಿಸ್, ಬೇರೆಯದೇ ಹಾದಿ. ಬರುವವರು ಇಪ್ಪತ್ತು ಮೂವತ್ತರ ಹರೆಯದ ಹುಡುಗರು. ಮೊದಲ ದೂರು ‘ಖಾರ ತಿನ್ನಕ್ಕಾಗ್ತಿಲ್ಲ’, ಆಮೇಲೆ ‘ಪಾನಿಪುರಿ ಬಾಯಿಗೆ ಹೋಗಲ್ಲ’. ಕೆನ್ನೆ ಅಮೃತಶಿಲೆಯಂತೆ ಬಿಳಿಚಿಕೊಂಡಿರುತ್ತದೆ, ಬೆರಳಾಡಿಸಿದರೆ ಹಗ್ಗದಂಥ ಪಟ್ಟಿಗಳು ಸಿಗುತ್ತವೆ, ಕಿರುನಾಲಿಗೆ ಕುಗ್ಗಿರುತ್ತದೆ. ಅಡಿಕೆಯಲ್ಲಿರುವ ಅರಿಕೋಲಿನ್ ನಾರು ನೇಯುವ ಕೋಶಗಳನ್ನು ಕೆರಳಿಸುತ್ತದೆ, ಅದರ ತಾಮ್ರದ ಅಂಶ ನಾರುಗಳನ್ನು ಒಂದಕ್ಕೊಂದು ಬೆಸೆಯುವ ಕಿಣ್ವಕ್ಕೆ ಬಲ ಕೊಡುತ್ತದೆ, ಟ್ಯಾನಿನ್ ಆ ನಾರು ಕರಗದಂತೆ ಕಾಯುತ್ತದೆ. ಚರ್ಮ ಹದ ಮಾಡಿದಂತೆಯೇ. ಆದ್ದರಿಂದಲೇ ಬಿಟ್ಟ ಮೇಲೂ ಬಿಗಿ ಉಳಿಯುತ್ತದೆ. ಬಿಟ್ಟರೆ ಉರಿ ಇಳಿಯುತ್ತದೆ, ಮುಂದಕ್ಕೆ ಹೋಗುವುದು ನಿಧಾನವಾಗುತ್ತದೆ.

‘ಬರೀ ಅಡಿಕೆ ಡಾಕ್ಟ್ರೇ, ತಂಬಾಕಿಲ್ಲ’ ಎಂದು ಸಮಾಧಾನ ಪಟ್ಟುಕೊಳ್ಳುವವರು ಬಹಳ. ಮಲೆನಾಡಿನಿಂದ, ತುಮಕೂರು ಕಡೆಯಿಂದ ಬಂದವರ ಮನೆಯ ಅನ್ನವೇ ಅಡಿಕೆಯದ್ದು, ತಾಂಬೂಲವಿಲ್ಲದೆ ನಮ್ಮಲ್ಲಿ ಶುಭಕಾರ್ಯವಿಲ್ಲ. ಆದರೂ ಹೇಳಲೇಬೇಕು: ತಂಬಾಕಿಲ್ಲದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲೇ ತೀರ್ಮಾನಿಸಿದೆ. ಎರ್ನಾಕುಲಂನಲ್ಲಿ ಬಾಯಿ ಬಿಗಿದ ರೋಗಿಗಳನ್ನು 17 ವರ್ಷ ಹಿಂಬಾಲಿಸಿದಾಗ 7.6% ಮಂದಿಗೆ ಕ್ಯಾನ್ಸರ್ ಬಂತು.

ಮೇಲಿನ, ಕೆಳಗಿನ ಮುಂದಿನ ಹಲ್ಲುಗಳ ಅಂಚಿನ ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ ಅಳೆಯುತ್ತೇವೆ. 35 ಮಿಲಿಮೀಟರಿಗಿಂತ ಹೆಚ್ಚಿದ್ದರೆ ಸರಿ. ಮನೆಯಲ್ಲಾದರೆ ತಮ್ಮದೇ ಮೂರು ಬೆರಳು ನಿಲ್ಲಬೇಕು. 15ರಿಂದ 35ರ ನಡುವಿನವರಿಗೆ ಇಂಜೆಕ್ಷನ್ ಮತ್ತು ವ್ಯಾಯಾಮ: ಹಯಾಲುರೊನಿಡೇಸ್ 1500 ಯೂನಿಟ್, ಡೆಕ್ಸಾಮೆಥಸೋನ್ ಎಂಬ ಸ್ಟೆರಾಯ್ಡ್ 4 ಮಿಲಿಗ್ರಾಂ, ಲಿಗ್ನೊಕೇನ್‌ನಲ್ಲಿ ಕಲಸಿ, ಸಣ್ಣ ಸೂಜಿಯಿಂದ ಪಟ್ಟಿಗಳ ಉದ್ದಕ್ಕೆ ತುಸುತುಸುವೇ, ವಾರಕ್ಕೊಮ್ಮೆಯಂತೆ ಆರೆಂಟು ವಾರ. ಒಂದೇ ತೂತಿನಲ್ಲಿ ಪದೇಪದೇ ಚುಚ್ಚಿದರೆ ಅಲ್ಲೇ ಹೊಸ ಕಲೆಗಟ್ಟುತ್ತದೆ. ಸಕ್ಕರೆ ಕಾಯಿಲೆಯವರಿಗೆ ಸ್ಟೆರಾಯ್ಡ್‌ನಿಂದ ಶುಗರ್ ಏರುತ್ತದೆ. ಅನುಮಾನದ ಹುಣ್ಣಿದ್ದರೆ ಇಂಜೆಕ್ಷನ್ ಬೇಡ, ಮೊದಲು ಬಯಾಪ್ಸಿ. ರಕ್ತಹೀನತೆ ಇದೆಯೇ ಎಂದೂ ನೋಡಬೇಕು, ಇದ್ದರೆ ಉರಿ ಇಳಿಯುವುದೇ ಇಲ್ಲ.

ನಿಜವಾದ ಮದ್ದು ಐಸ್‌ಕ್ರೀಂ ಕಡ್ಡಿ. ಬಿಗಿಯಾಗಿ ಹಿಡಿಯುವಷ್ಟು ಕಡ್ಡಿಗಳ ಕಟ್ಟನ್ನು ದವಡೆಹಲ್ಲುಗಳ ನಡುವೆ ಇಟ್ಟು ಐದು ನಿಮಿಷ, ಆಮೇಲೆ ಇನ್ನೊಂದು ಬದಿಗೆ, ದಿನಕ್ಕೆ ಐದಾರು ಸಲ. ಮುಂದಿನ ಹಲ್ಲಿಗೆ ಇಟ್ಟರೆ ಹಲ್ಲು ಅಲುಗಾಡುತ್ತದೆ. ಸಡಿಲವಾದಂತೆ ಕಟ್ಟಿನ ನಡುವೆ ಇನ್ನೊಂದು ಕಡ್ಡಿ ತುರುಕುವುದು. ಇವತ್ತು ಹತ್ತು, ಮುಂದಿನ ವಾರ ಹನ್ನೊಂದು ಎಂದು ಡೈರಿಯಲ್ಲಿ ಬರೆದು ತರಲು ಹೇಳುತ್ತೇವೆ. ಬರೆಯುವವರ ಬಾಯಿ ತೆರೆಯುತ್ತದೆ. 15 ಮಿಲಿಮೀಟರಿಗಿಂತ ಕಡಿಮೆಯಾದಾಗ ಪಟ್ಟಿ ಕತ್ತರಿಸಿ ಕೆನ್ನೆಯ ಕೊಬ್ಬಿನಿಂದಲೋ ಮೂಗಿನ ಪಕ್ಕದ ಚರ್ಮದಿಂದಲೋ ಮುಚ್ಚುವ ಆಪರೇಷನ್. ಆಪರೇಷನ್ ಟೇಬಲ್ ಮೇಲೆ 40 ಮಿಲಿಮೀಟರ್ ತೆರೆದ ಬಾಯಿ, ನೋವೆಂದು ಕಡ್ಡಿ ಬಿಟ್ಟರೆ, ಕೆಲವೇ ತಿಂಗಳಲ್ಲಿ ಮತ್ತೆ ಮುಚ್ಚುತ್ತದೆ.

ಲೈಕನ್ ಪ್ಲ್ಯಾನಸ್ ಎಂಬ ಇನ್ನೊಂದು ಬಗೆಯ ಬಿಳುಪು ಕಸೂತಿ ಎಳೆಯಂತೆ ಎರಡೂ ಕೆನ್ನೆಯಲ್ಲಿರುತ್ತದೆ. ಉರಿ ಇಲ್ಲದಿದ್ದರೆ ಮದ್ದು ಬೇಡ. ಹುಣ್ಣಿನ ಬಗೆಯದ್ದಾದರೆ ಜಾಗ ಒರೆಸಿ ಒಣಗಿಸಿ ಟ್ರಯಾಮ್ಸಿನೊಲೋನ್ 0.1% ಪೇಸ್ಟ್ ಹಚ್ಚಿ ಅರ್ಧ ಗಂಟೆ ಏನೂ ತಿನ್ನದಿರುವುದು. ಕ್ಯಾನ್ಸರ್ ಆಗುವುದು ನೂರಕ್ಕೆ ಒಂದರ ಆಸುಪಾಸು, ಆದರೂ ವರ್ಷವರ್ಷ ನೋಡಿಸಬೇಕು.

ಚಟ ಬಿಡಿಸುವುದಕ್ಕೆ ಬೈಗುಳ ಕೆಲಸ ಮಾಡುವುದಿಲ್ಲ. ಎದ್ದ ಅರ್ಧ ಗಂಟೆಯೊಳಗೆ ತಂಬಾಕು ಬೇಕೇ ಬೇಕೆನ್ನುವವರಿಗೆ ನಿಕೋಟಿನ್ ಗಮ್ 4 ಮಿಲಿಗ್ರಾಂ, ಉಳಿದವರಿಗೆ 2. ಅದನ್ನು ಬಬಲ್‌ಗಮ್‌ನಂತೆ ಅಗಿದರೆ ಬಿಕ್ಕಳಿಕೆ, ವಾಕರಿಕೆ; ನಾಲ್ಕು ಸಲ ಅಗಿದು ಕೆನ್ನೆಗೆ ಒತ್ತರಿಸಿ ಇಡಬೇಕು. ಕಾಫಿ ಕುಡಿದ ಕೂಡಲೇ ಹಾಕಿಕೊಂಡರೆ ಹೀರಿಕೊಳ್ಳುವುದಿಲ್ಲ. ಬಾಯಿ ಬಿಗಿದವರಿಗೆ ಗಮ್ ಉರಿಸುತ್ತದೆ, ಪ್ಯಾಚ್ ಮೇಲು. 1800-11-2356 ತಂಬಾಕು ಬಿಡಲು ನೆರವಾಗುವ ಉಚಿತ ಕ್ವಿಟ್‌ಲೈನ್; ಆ ನಂಬರನ್ನು ನಮ್ಮೆದುರೇ ಅವರ ಫೋನಿನಿಂದ ಹಚ್ಚಿಸುತ್ತೇವೆ. ಚೀಟಿಯಲ್ಲಿ ಬರೆದುಕೊಟ್ಟರೆ ಜೇಬಿನಲ್ಲೇ ಉಳಿಯುತ್ತದೆ.

ತೀವ್ರ ಡಿಸ್ಪ್ಲೇಸಿಯಾ, ಕ್ಯಾನ್ಸರ್ ಬಂದರೆ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗೆ ಕಳಿಸುವಾಗ ವರದಿಯ ಜೊತೆ ಸ್ಲೈಡ್, ತುಂಡು ಕೂರಿಸಿದ ಮೇಣದ ಬ್ಲಾಕ್, ಫೋಟೊ ಕೈಗೆ ಕೊಡಬೇಕು. ಇಲ್ಲವಾದರೆ ಬಯಾಪ್ಸಿ ಮತ್ತೆ ಆಗಿ ವಾರಗಳು ಹೋಗುತ್ತವೆ. ಆಧಾರ್, ಬಿಪಿಎಲ್ ಕಾರ್ಡ್ ಒಯ್ಯಲು ಹೇಳುವುದು ಮರೆತರೆ ಹೋದವರು ಬರಿಗೈಲಿ ವಾಪಸ್.

ಉಳಿದವರಿಗೆ ಡಿಸ್ಪ್ಲೇಸಿಯಾ ಇದ್ದರೆ ಮೂರು ತಿಂಗಳಿಗೆ, ಇಲ್ಲವಾದರೆ ಆರು ತಿಂಗಳಿಗೊಮ್ಮೆ ಬರಲು ಹೇಳುತ್ತೇವೆ, ಎಷ್ಟೋ ವರ್ಷ. ಇದೇ ಅತಿ ಕಷ್ಟದ ಹಂತ. ನೋವಿಲ್ಲದ ಮನುಷ್ಯ ದಿನದ ಕೂಲಿ ಬಿಟ್ಟು ಎರಡು ಬಸ್ಸು ಬದಲಿಸಿ ಏಕೆ ಬರಬೇಕು? ತಿರುವನಂತಪುರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಕಣ್ಣಿನಿಂದ ಬಾಯಿ ನೋಡಿದ್ದರಿಂದಲೇ ತಂಬಾಕು, ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು 34% ಇಳಿಯಿತು. ಈ ಸಂಖ್ಯೆಯನ್ನು ನಾವು ರೋಗಿಗಳಿಗೂ ಹೇಳುತ್ತೇವೆ. ಸಿಮ್ ಬದಲಾಗುತ್ತದೆ, ಬಾಡಿಗೆ ಮನೆ ಬದಲಾಗುತ್ತದೆ. ಆದ್ದರಿಂದ ಕಾರ್ಡಿನಲ್ಲಿ ಎರಡನೇ ನಂಬರಿಗೆ ಊರಿನಲ್ಲಿರುವ ತಾಯಿಯದ್ದೋ ಅಕ್ಕನದ್ದೋ ಬರೆದುಕೊಳ್ಳುತ್ತೇವೆ. ಬಂದ ದಿನ ಹಳೆಯ ಫೋಟೊ ತೆರೆದಿಟ್ಟು, ಅದೇ ಕೋನದಲ್ಲಿ, ಅದೇ ಸ್ಕೇಲ್ ಇಟ್ಟು ಹೊಸದು ತೆಗೆದು, ಮಚ್ಚೆ ಇದ್ದ ಕೆನ್ನೆಯನ್ನು ಕೊನೆಗೆ ಬಿಟ್ಟು, ಮೊದಲು ಇನ್ನೊಂದು ಕೆನ್ನೆಯಿಂದ ಶುರುಮಾಡುತ್ತೇವೆ.